ವೈರಾಣುವಿಗೆ ವೈರಾಣುವೇ ಅಡ್ಡಗಾಲು: ಹೆಚ್.ಐ.ವಿ. ವಿಷಯದಲ್ಲಿ ಭರವಸೆ ಎಷ್ಟು, ಭ್ರಮೆ ಎಷ್ಟು?

ಇಡಗುಂದಿ: ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವ ರಾಷ್ಟ್ರೀಯ ಹೆದ್ದಾರಿಯನ್ನು ನಮ್ಮ ಧರ್ಮಕ್ಷೇತ್ರದ ಜನರಿಗೆ ಪರಿಚಯಿಸಬೇಕಾಗಿಲ್ಲ. ಹಿಂದೆ 63 ಆಗಿದ್ದ ಇದರ ಸಂಖ್ಯೆ ಈಗ 52. ರಾಜ್ಯ ಸರಕಾರ 2010ರಲ್ಲಿ ಅದಿರು ರಫ್ತು ನಿಲ್ಲಿಸುವವರೆಗೆ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಹೊತ್ತ ಲಾರಿಗಳು ಬೇಲೇಕೇರಿ ಬಂದರಿನತ್ತ ಸಾಲುಗಟ್ಟಿ ಸಾಗುತ್ತಿದ್ದುದು ಇದೇ ದಾರಿಯಲ್ಲಿ. ಲಾರಿ ಚಾಲಕರಿಗಾಗಿ ದೇಶದ ಹೆದ್ದಾರಿಗಳಲ್ಲಿ ಏಡ್ಸ್ ಜಾಗೃತಿ ಕಾರ್ಯಕ್ರಮಗಳು ಜೋರಾಗಿ ನಡೆದದ್ದೂ ಆ ವರ್ಷಗಳಲ್ಲೇ. ಹೀಗಾಗಿ ಹೆಚ್.ಐ.ವಿ. ಎಂದರೆ ರಸ್ತೆಯವರ ಕಾಯಿಲೆ, ಹೊರಗಿನವರು ತಂದ ಕಾಯಿಲೆ ಎಂಬ ಭಾವನೆ ಹೆದ್ದಾರಿಯ ಬದಿಯ ಊರುಗಳಲ್ಲಿ ಬೇರೂರಿತು.

ಅದಿರಿನ ಲಾರಿಗಳು ಹೋದವು. ಕಾಯಿಲೆ ಹೋಗಲಿಲ್ಲ. ಭಾರತದಲ್ಲಿ ಇಂದು ಸುಮಾರು 25 ಲಕ್ಷ ಜನರು ಹೆಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿದ್ದಾರೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಅಂದಾಜು ಹೇಳುತ್ತದೆ. ಹೆಚ್ಚು ಸೋಂಕಿತರಿರುವ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇವರಲ್ಲಿ ಹೆಚ್ಚಿನವರು ದಿನಕ್ಕೊಂದು ಮಾತ್ರೆ ನುಂಗಿ, ಗದ್ದೆ ತೋಟಗಳಲ್ಲಿ ದುಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವವರು.

ಇಂಥವರ ಕಿವಿಗೆ ಈಚೆಗೆ ಒಂದು ಮಾತು ಬೀಳುತ್ತಿದೆ: "ಹೆಚ್.ಐ.ವಿ.ಯನ್ನು ತಡೆಯುವ ಇನ್ನೊಂದು ವೈರಾಣು ಇದೆಯಂತೆ. ಅದು ಮೈಯಲ್ಲಿದ್ದವರಿಗೆ ಏಡ್ಸ್ ಬರುವುದೇ ಇಲ್ಲವಂತೆ." ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ನಂಬಿದ ನಾಡು ನಮ್ಮದು. ಮಾತು ಬೇಗ ನಾಟುತ್ತದೆ. ಇದರಲ್ಲಿ ಅರ್ಧ ಸತ್ಯ, ಉಳಿದರ್ಧ ಅಪಾಯ. ಯಾವುದು ಸತ್ಯ, ಯಾವುದು ಅಪಾಯ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಯಾರಿಗೂ ಬೇಡವಾದ ವೈರಾಣು

ಈ ವೈರಾಣುವಿನ ಹೆಸರು ಜಿ.ಬಿ. ವೈರಾಣು-ಸಿ. 1960ರ ದಶಕದಲ್ಲಿ ಅಮೇರಿಕದ ಒಬ್ಬ ಶಸ್ತ್ರವೈದ್ಯರಿಗೆ ಕಾಮಾಲೆ ಬಂದಿತ್ತು. ಅವರ ಹೆಸರಿನ ಮೊದಲಕ್ಷರಗಳೇ ಜಿ.ಬಿ. ಅವರ ರಕ್ತದಿಂದ ಆರಂಭವಾದ ಸಂಶೋಧನೆಯ ಜಾಡು ಹಿಡಿದು 1995ರಲ್ಲಿ ಅಮೇರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಪತ್ತೆ ಹಚ್ಚಿದವು. ಒಂದು ತಂಡ ಇದನ್ನು ಹೆಪಟೈಟಿಸ್-ಜಿ ಎಂದು ಕರೆಯಿತು. ಯಕೃತ್ತಿಗೆ ರೋಗ ತರುವ ಹೊಸ ವೈರಾಣು ಸಿಕ್ಕಿತೆಂದು ಎಲ್ಲರೂ ಗಾಬರಿಯಾದರು. ಆದರೆ ಹುಡುಕಿದಷ್ಟೂ ಅದು ಯಕೃತ್ತಿಗೆ ಹಾನಿ ಮಾಡಿದ ಪುರಾವೆ ಸಿಗಲಿಲ್ಲ. ರಕ್ತದ ಮೂಲಕ, ಲೈಂಗಿಕ ಸಂಪರ್ಕದ ಮೂಲಕ, ತಾಯಿಯಿಂದ ಮಗುವಿಗೆ ಇದು ದಾಟುತ್ತದೆ. ಆರೋಗ್ಯವಂತ ರಕ್ತದಾನಿಗಳಲ್ಲೂ ನೂರಕ್ಕೆ ಕೆಲವರಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ ದಾನದ ರಕ್ತವನ್ನು ಹೆಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕಾಗಿ ಪರೀಕ್ಷಿಸುತ್ತಾರೆ; ಈ ವೈರಾಣು ಆ ಪಟ್ಟಿಯಲ್ಲಿಲ್ಲ. ಈಗ ಇದನ್ನು ಮಾನವ ಪೆಗಿವೈರಸ್ ಎಂದೂ ಕರೆಯುತ್ತಾರೆ.

ಯಾರಿಗೂ ಬೇಡವಾಗಿದ್ದ ಈ ವೈರಾಣು 2001ರಲ್ಲಿ ದಿಢೀರನೆ ಸುದ್ದಿಯಾಯಿತು. ಅಮೇರಿಕದ ಅಯೋವಾ ಮತ್ತು ಜರ್ಮನಿಯ ಹಾನೋವರ್‌ನ ವೈದ್ಯರ ಎರಡು ವರದಿಗಳು ಆ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಟ್ಟಿಗೇ ಪ್ರಕಟವಾದವು. ಅಯೋವಾದ ಡಾ. ಜ್ಯಾಕ್ ಸ್ಟೇಪಲ್‌ಟನ್ ಅವರ ತಂಡ 362 ಹೆಚ್.ಐ.ವಿ. ಸೋಂಕಿತರ ರಕ್ತವನ್ನು ಪರೀಕ್ಷಿಸಿತ್ತು. ಅವರಲ್ಲಿ 144 ಮಂದಿಗೆ ಜಿ.ಬಿ. ವೈರಾಣು-ಸಿ ಕೂಡ ಇತ್ತು. ಅಧ್ಯಯನದ ಅವಧಿಯಲ್ಲಿ ಈ 144 ಮಂದಿಯಲ್ಲಿ ತೀರಿಕೊಂಡವರು 41. ಆ ವೈರಾಣು ಇಲ್ಲದ 218 ಮಂದಿಯಲ್ಲಿ ತೀರಿಕೊಂಡವರು 123. ಅಂದರೆ ಒಂದು ಕಡೆ ನೂರಕ್ಕೆ 28, ಇನ್ನೊಂದು ಕಡೆ ನೂರಕ್ಕೆ 56. ಎರಡು ಸೋಂಕು ಹೊತ್ತವರು ಒಂದೇ ಸೋಂಕು ಹೊತ್ತವರಿಗಿಂತ ಹೆಚ್ಚು ಕಾಲ ಬದುಕಿದ್ದರು!

2004ರಲ್ಲಿ ಮತ್ತೊಂದು ವರದಿ ಬಂತು. ಹೆಚ್.ಐ.ವಿ. ತಗಲಿ ಐದಾರು ವರ್ಷವಾದರೂ ಜಿ.ಬಿ. ವೈರಾಣು-ಸಿ ರಕ್ತದಲ್ಲಿ ಉಳಿದಿದ್ದವರಿಗೆ ಹೋಲಿಸಿದರೆ, ಅದು ಇಲ್ಲದವರು ಸಾಯುವ ಸಂಭವ ಸುಮಾರು ಎರಡೂ ಮುಕ್ಕಾಲು ಪಟ್ಟು ಹೆಚ್ಚೆಂದು ಅದು ತಿಳಿಸಿತು.

ಬಾಗಿಲ ಚಿಲಕದ ಕಥೆ

ಇದು ಹೇಗೆ ಸಾಧ್ಯ? ಹೆಚ್.ಐ.ವಿ. ಕೆಲಸ ಮಾಡುವ ರೀತಿಯನ್ನು ತಿಳಿದರೆ ಉತ್ತರ ಕಷ್ಟವಲ್ಲ. ನಮ್ಮ ರಕ್ತದಲ್ಲಿ ಸಿಡಿ-4 ಎಂಬ ಬಿಳಿ ರಕ್ತಕಣಗಳಿವೆ. ರೋಗದ ವಿರುದ್ಧ ಹೋರಾಡುವ ಪಡೆಗೆ ಅವೇ ಮುಂದಾಳುಗಳು. ಹೆಚ್.ಐ.ವಿ. ಇವುಗಳೊಳಗೇ ನುಗ್ಗುತ್ತದೆ. ಒಳಹೋಗಲು ಅದಕ್ಕೆ ಎರಡು ಹಿಡಿಕೆ ಬೇಕು. ಒಂದು ಸಿಡಿ-4, ಇನ್ನೊಂದು ಹೆಚ್ಚಾಗಿ ಸಿಸಿಆರ್-5. ಬಾಗಿಲಿಗೆ ಕೀಲಿಯೂ ಇದೆ, ಚಿಲಕವೂ ಇದೆ ಎಂದುಕೊಳ್ಳಿ. ಎರಡೂ ತೆರೆಯದೆ ಕಳ್ಳ ಒಳಗೆ ಬರಲಾರ. ಒಳಹೊಕ್ಕ ಮೇಲೆ ಅದು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸಿ, ನಮ್ಮ ಕಣದ ವಂಶವಾಹಿಯೊಳಗೇ ಸೇರಿಸಿಬಿಡುತ್ತದೆ. ಆಮೇಲೆ ನಮ್ಮದೇ ಕಣ ಅದರ ಮರಿಗಳನ್ನು ತಯಾರಿಸುವ ಕಾರ್ಖಾನೆಯಾಗುತ್ತದೆ.

ಜಿ.ಬಿ. ವೈರಾಣು-ಸಿ ಬೆಳೆಯುವುದೂ ರಕ್ತದ ಇಂಥ ಕಣಗಳಲ್ಲೇ. ಅದು ಇದ್ದಲ್ಲಿ ದೇಹವು ರ್‍ಯಾಂಟಿಸ್ ಮುಂತಾದ ಕೆಲವು ರಾಸಾಯನಿಕ ಸಂದೇಶಗಳನ್ನು ಹೆಚ್ಚು ಹೊರಡಿಸುತ್ತದೆ. ಇವು ಸಿಸಿಆರ್-5 ಚಿಲಕಕ್ಕೆ ತಾವೇ ಅಂಟಿಕೊಳ್ಳುತ್ತವೆ. ಕಣದ ಮೇಲ್ಮೈಯಲ್ಲಿ ಚಿಲಕಗಳ ಸಂಖ್ಯೆಯೂ ಇಳಿಯುತ್ತದೆ. ಬಂದ ಕಳ್ಳನಿಗೆ ಕೈಹಾಕಲು ಜಾಗವಿಲ್ಲ. ಇದಲ್ಲದೆ ಈ ವೈರಾಣುವಿನ ಹೊರಕವಚದ ಇ-2 ಎಂಬ ಪ್ರೋಟೀನು ಮತ್ತು ಎನ್‌ಎಸ್-5ಎ ಎಂಬ ಒಳಗಿನ ಪ್ರೋಟೀನು ಪ್ರಯೋಗಾಲಯದಲ್ಲಿ ಹೆಚ್.ಐ.ವಿ.ಯ ಬೆಳವಣಿಗೆಯನ್ನು ಕುಗ್ಗಿಸಿರುವುದು ಕಂಡುಬಂದಿದೆ. ಮೂರನೆಯದಾಗಿ, ಹೆಚ್.ಐ.ವಿ. ಚೆನ್ನಾಗಿ ಹುಲುಸಾಗುವುದು ಕೆರಳಿದ ಕಣಗಳಲ್ಲಿ. ಜಿ.ಬಿ. ವೈರಾಣು-ಸಿ ಇರುವವರಲ್ಲಿ ಕಣಗಳು ಅಷ್ಟು ಕೆರಳಿರುವುದಿಲ್ಲ. ಕಳೆ ಬೆಳೆಯಲು ಹದವಾದ ನೆಲವೇ ಸಿಗದಂತೆ ಇದು.

ಚಿಲಕದ ಮಾತು ಬರೀ ಕಥೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿಯೂ ಇದೆ. ಬರ್ಲಿನ್‌ನಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಟಿಮೊಥಿ ರೇ ಬ್ರೌನ್ ಎಂಬವರಿಗೆ 2007ರಲ್ಲಿ, ಹುಟ್ಟಿನಿಂದಲೇ ಸಿಸಿಆರ್-5 ಇಲ್ಲದ ದಾನಿಯೊಬ್ಬರ ರಕ್ತಮೂಲ ಕಣಗಳನ್ನು ಕಸಿ ಮಾಡಲಾಯಿತು. ಹೆಚ್.ಐ.ವಿ. ಅವರ ದೇಹದಿಂದ ಮಾಯವಾಯಿತು. 2020ರಲ್ಲಿ ಅವರು ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ, ಏಡ್ಸ್‌ನಿಂದಲ್ಲ. ಅದೇ ಚಿಲಕವನ್ನು ಮುಚ್ಚುವ ಮ್ಯಾರವಿರಾಕ್ ಎಂಬ ಔಷಧಿಗೆ 2007ರಲ್ಲೇ ಅಮೇರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನಮ್ಮ ಕಾಡಿನ ವೈರಾಣುವಿಗೂ ನೆಂಟಸ್ತಿಕೆ

ಒಂದು ವೈರಾಣು ಇನ್ನೊಂದಕ್ಕೆ ಅಡ್ಡಬರುವುದು ವಿಜ್ಞಾನಕ್ಕೆ ಹೊಸದಲ್ಲ. ಹೀಗೆ ಅಡ್ಡಬರುವುದೇಕೆಂದು ಹುಡುಕುತ್ತಿದ್ದಾಗಲೇ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು 1957ರಲ್ಲಿ ಇಂಟರ್‌ಫೆರಾನ್ ಎಂಬ ವಸ್ತುವನ್ನು ಕಂಡುಹಿಡಿದರು. ವೈರಾಣು ಹೊಕ್ಕ ಕಣವು ಪಕ್ಕದ ಕಣಗಳಿಗೆ ಎಚ್ಚರಿಕೆ ಕೊಡಲು ಹೊರಡಿಸುವ ವಸ್ತು ಅದು. ಅದೇ 1957ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಉಣ್ಣೆ ಕಚ್ಚಿದ ಜನ ಜ್ವರದಿಂದ ಮಲಗಿದರು, ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು. ಸಿದ್ದಾಪುರದ ಕಡೆಯವರಿಗೆ ಈ ಕಾಯಿಲೆಯ ನೋವು ಈಚಿನ ವರ್ಷಗಳಲ್ಲೂ ತಪ್ಪಿಲ್ಲ.

ಮಂಗನ ಕಾಯಿಲೆಯ ವೈರಾಣು, ಡೆಂಗ್ಯೂ ವೈರಾಣು ಮತ್ತು ಜಿ.ಬಿ. ವೈರಾಣು-ಸಿ ಈ ಮೂರನ್ನೂ ವಿಜ್ಞಾನಿಗಳು ಬಹುಕಾಲ ಒಂದೇ ದೊಡ್ಡ ಕುಟುಂಬಕ್ಕೆ ಸೇರಿಸಿದ್ದರು. ದೂರದ ನೆಂಟರು ಎನ್ನಬಹುದು. ಡೆಂಗ್ಯೂ ವೈರಾಣುವಿನ ಒಂದು ಪ್ರೋಟೀನು ಹೆಚ್.ಐ.ವಿ.ಯನ್ನು ತಡೆಯುವುದನ್ನು ಅಯೋವಾದ ಅದೇ ತಂಡ 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿತು. ಹಾಗೆಂದು ಡೆಂಗ್ಯೂ ಬಂದರೆ ಒಳ್ಳೆಯದು ಎನ್ನಲಾದೀತೇ? ಮಂಗನ ಕಾಯಿಲೆಯಿಂದ ಹೆಚ್.ಐ.ವಿ. ಕುಗ್ಗುತ್ತದೆ ಎನ್ನಲಂತೂ ಯಾವ ಆಧಾರವೂ ಇಲ್ಲ. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಗುಣ ಒಂದೇ ಆಗಬೇಕಿಲ್ಲ.

ದಡಾರದ ಉದಾಹರಣೆ ಇನ್ನೂ ಸ್ಪಷ್ಟ. ಆಫ್ರಿಕದ ಜಾಂಬಿಯಾದ ಲುಸಾಕಾ ನಗರದಲ್ಲಿ ಹೆಚ್.ಐ.ವಿ. ಸೋಂಕಿತ ಮಕ್ಕಳಿಗೆ ದಡಾರ ಬಂದಾಗ ಅವರ ರಕ್ತದಲ್ಲಿ ಹೆಚ್.ಐ.ವಿ.ಯ ಪ್ರಮಾಣ ಇಳಿದದ್ದನ್ನು ವೈದ್ಯರು ಗಮನಿಸಿ 2002ರಲ್ಲಿ ವರದಿ ಮಾಡಿದರು. ದಡಾರ ವಾಸಿಯಾದಂತೆ ಹೆಚ್.ಐ.ವಿ. ಮತ್ತೆ ಏರಿತು. ದಡಾರವೋ ಮಕ್ಕಳನ್ನು ಕೊಲ್ಲುವ ರೋಗ. ಅದಕ್ಕೆ ಲಸಿಕೆ ಹಾಕಿಸಬೇಕೇ ಹೊರತು ಅದನ್ನು ಮನೆಗೆ ಕರೆಯಬಾರದು.

ಇನ್ನೊಂದು ಮುಖವನ್ನು ಮರೆಯಬಾರದು. ಹೆಚ್.ಐ.ವಿ. ಜೊತೆ ಬರುವ ಬಹುತೇಕ ಸೋಂಕುಗಳು ಅದಕ್ಕೆ ಅಡ್ಡಬರುವುದಿಲ್ಲ, ಜೊತೆ ಸೇರಿ ದಾಳಿ ಮಾಡುತ್ತವೆ. ಹೆಚ್.ಐ.ವಿ. ಸೋಂಕಿತರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಕ್ಷಯ. ಹೆಪಟೈಟಿಸ್ ಬಿ ಮತ್ತು ಸಿ ಇದ್ದವರ ಯಕೃತ್ತು ಬೇಗ ಕೆಡುತ್ತದೆ. ಅಡ್ಡ ನಿಲ್ಲುವ ವೈರಾಣು ಅಪವಾದವೇ ಹೊರತು ನಿಯಮವಲ್ಲ.

ಔಷಧಿ ಯಾಕೆ ಆಗಲಿಲ್ಲ?

ಹಾಗಾದರೆ ಜಿ.ಬಿ. ವೈರಾಣು-ಸಿಯನ್ನೇ ಚುಚ್ಚುಮದ್ದಾಗಿ ಕೊಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಗಳು ಹೀಗಿವೆ.

ಮೊದಲನೆಯದು, ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಲಿಲ್ಲ. ಕೆಲವರಿಗೆ ಯಾವ ಲಾಭವೂ ಕಾಣಲಿಲ್ಲ. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಚ್.ಐ.ವಿ. ತಗಲಿದ ಆರಂಭದ ದಿನಗಳಲ್ಲಿ ಖಚಿತ ಲಾಭ ಕಾಣಲಿಲ್ಲ, ನಂತರದ ವರ್ಷಗಳಲ್ಲಿ ಮಾತ್ರ ಸಾವು ಗಣನೀಯವಾಗಿ ಕಡಿಮೆ ಇದ್ದದ್ದು ತಿಳಿಯಿತು.

ಎರಡನೆಯದು, ಯಾವುದು ಕಾರಣ ಯಾವುದು ಪರಿಣಾಮ ಎಂಬ ಜಿಜ್ಞಾಸೆ. ಸಿಡಿ-4 ಕಣಗಳು ಚೆನ್ನಾಗಿರುವವರಲ್ಲಿ ಮಾತ್ರ ಜಿ.ಬಿ. ವೈರಾಣು-ಸಿ ಉಳಿಯುತ್ತದೋ ಏನೋ. ಆರೋಗ್ಯ ಕುಸಿದವರಲ್ಲಿ ಅದಕ್ಕೆ ಬೆಳೆಯಲು ಕಣಗಳೇ ಇಲ್ಲದೆ ಹೋಗುತ್ತದೋ ಏನೋ. ಹಾಗಿದ್ದರೆ ಅದು ಆರೋಗ್ಯದ ಗುರುತು, ಆರೋಗ್ಯದ ಕಾರಣವಲ್ಲ. ಈ ಸಂಶಯಕ್ಕೆ ಭಾಗಶಃ ಉತ್ತರ 2012ರಲ್ಲಿ ಸಿಕ್ಕಿತು. ರಕ್ತ ಪೂರಣದಿಂದ ಈ ವೈರಾಣು ಹೊಸದಾಗಿ ತಗಲಿದ ಹೆಚ್.ಐ.ವಿ. ಸೋಂಕಿತರಲ್ಲಿಯೂ ಸಾವು ಕಡಿಮೆ ಇದ್ದದ್ದು ಒಂದು ಅಧ್ಯಯನದಲ್ಲಿ ಕಂಡುಬಂತು. ಆದ್ದರಿಂದ ಲಾಭ ನಿಜವೇ ಇರಬಹುದು. ಆದರೆ ಇರಬಹುದು ಎಂಬ ಮಾತನ್ನು ಆಧರಿಸಿ ಯಾರಿಗೂ ಸೋಂಕು ಚುಚ್ಚಲಾಗದು.

ಮೂರನೆಯದು, ಈ ವೈರಾಣು ಸಂಪೂರ್ಣ ನಿರುಪದ್ರವಿ ಎಂದು ಹೇಳುವಂತಿಲ್ಲ. ಒಂದು ಬಗೆಯ ರಕ್ತಗ್ರಂಥಿಯ ಕ್ಯಾನ್ಸರಿಗೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಇದಕ್ಕಿಂತ ನೂರುಪಾಲು ಉತ್ತಮವಾದ ಔಷಧಿ ಈಗಾಗಲೇ ನಮ್ಮ ಕೈಯಲ್ಲಿದೆ. ಭಾರತ ಸರಕಾರ 2004ರ ಏಪ್ರಿಲ್ 1ರಿಂದ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿತು; ಆರಂಭದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮೊದಮೊದಲು ಸಿಡಿ-4 ಕಣಗಳು ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಖಚಿತವಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ. ಮಾತ್ರೆಯನ್ನು ತಪ್ಪದೆ ಸೇವಿಸಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಬಾಳಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಇಂದು ದೃಢಪಟ್ಟ ಸಂಗತಿ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ನೂರಕ್ಕೆ 5ಕ್ಕಿಂತ ಕಡಿಮೆ. ಜಿ.ಬಿ. ವೈರಾಣು-ಸಿ ಸಾವನ್ನು ಒಂದಿಷ್ಟು ಮುಂದೂಡಿದೆ. ಮಾತ್ರೆಯಾದರೋ ಸಹಜ ಆಯುಷ್ಯವನ್ನೇ ಹಿಂದಿರುಗಿಸುತ್ತಿದೆ.

ಅಪಾಯ ಎಲ್ಲಿದೆ?

ಅಪಾಯ ಇರುವುದು ಇಲ್ಲೇ. ಹತ್ತಾರು ವರ್ಷಗಳಿಂದ ಮಾತ್ರೆ ನುಂಗಿ ಬೇಸತ್ತ ಒಬ್ಬರಿಗೆ, "ನಿಮ್ಮ ಮೈಯಲ್ಲಿ ಆ ಒಳ್ಳೆಯ ವೈರಾಣು ಇರಬಹುದು, ಅದಕ್ಕೇ ನೀವು ಇಷ್ಟು ಗಟ್ಟಿಯಾಗಿದ್ದೀರಿ" ಎಂದು ಯಾರೋ ಹೇಳುತ್ತಾರೆ. ಆಸ್ಪತ್ರೆಯ ಸಾಲು ತಪ್ಪೀತು, ಬಸ್ಸಿನ ಖರ್ಚು ಉಳಿದೀತು, ಪರಿಚಿತರ ಕಣ್ಣಿಗೆ ಬೀಳುವ ಭಯ ಹೋದೀತು ಎಂದು ಅವರು ಮಾತ್ರೆ ಬಿಡುತ್ತಾರೆ. ಮೊದಲ ತಿಂಗಳು ಏನೂ ಆಗುವುದಿಲ್ಲ. ನಂಬಿಕೆ ಗಟ್ಟಿಯಾಗುತ್ತದೆ. ಆದರೆ ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಒಳಗೆ ವೈರಾಣು ಏರಿರುತ್ತದೆ. ಬಿಟ್ಟು ಬಿಟ್ಟು ಸೇವಿಸುವವರಲ್ಲಿ ಔಷಧಿಗೆ ಬಗ್ಗದ ವೈರಾಣು ಹುಟ್ಟಿಕೊಳ್ಳುತ್ತದೆ. ಆಗ ನಷ್ಟವಾಗುವುದು ಅವರೊಬ್ಬರಿಗಲ್ಲ, ಮನೆಗೆಲ್ಲ.

ಏಡ್ಸ್‌ಗೆ ಮದ್ದು ಎಂಬ ಜಾಹೀರಾತುಗಳನ್ನು ನಂಬಿ ಗದ್ದೆ ತೋಟ ಮಾರಿದ ಕುಟುಂಬಗಳ ಕಥೆಗಳನ್ನು ನಾವು 1990ರ ದಶಕದಿಂದಲೂ ಕೇಳಿದ್ದೇವೆ. ಆಗ ನಿಜವಾದ ಔಷಧಿ ಬಡವರ ಕೈಗೆ ಎಟುಕುತ್ತಿರಲಿಲ್ಲ. ಮೋಸ ಹೋದವರನ್ನು ದೂರುವಂತಿಲ್ಲ. ಈಗ ಔಷಧಿ ಉಚಿತ. ಈಗಲೂ ಮೋಸ ಹೋದರೆ ಅದರ ಹೊಣೆ ಸರಿಯಾದ ಮಾತನ್ನು ಸರಿಯಾದ ಸಮಯಕ್ಕೆ ಹೇಳದ ನಮ್ಮದೂ ಹೌದು.

ಚಿಕಿತ್ಸೆಯ ದಾರಿಯೂ ಸದಾ ಸಲೀಸಾಗಿ ಇರುತ್ತದೆಂದು ಭಾವಿಸುವಂತಿಲ್ಲ. 2025ರ ಜನವರಿಯಲ್ಲಿ ಅಮೇರಿಕವು ವಿದೇಶೀ ನೆರವನ್ನು ಏಕಾಏಕಿ ತಡೆಹಿಡಿದಾಗ ಆಫ್ರಿಕದ ಹಲವು ದೇಶಗಳಲ್ಲಿ ಹೆಚ್.ಐ.ವಿ. ಸೇವೆಗಳು ಅಸ್ತವ್ಯಸ್ತವಾದವು. ಅದೇ ವರ್ಷದ ಜೂನ್‌ನಲ್ಲಿ, ಸೋಂಕು ಇಲ್ಲದವರಿಗೆ ಅದು ತಗಲದಂತೆ ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದಿಗೆ ಅಮೇರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ಕಸಿಯುತ್ತದೆ. ಹೆಚ್.ಐ.ವಿ. ವಿರುದ್ಧದ ಹೋರಾಟ ಪ್ರಯೋಗಾಲಯದಲ್ಲಷ್ಟೇ ಗೆಲ್ಲುವಂಥದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಧರ್ಮಸಭೆಯ ಕೆಲಸ

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲೇ ಹೆಚ್.ಐ.ವಿ./ಏಡ್ಸ್ ಕುರಿತು ತನ್ನ ನೀತಿಯನ್ನು ಪ್ರಕಟಿಸಿದೆ. ಅನುಕಂಪ ಮತ್ತು ಆರೈಕೆಗೆ ಬದ್ಧತೆ ಅದರ ತಿರುಳು. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಕ್ಯಾಮಿಲಿಯನ್ ಸಭೆಯ ಗುರುಗಳು ನಡೆಸುತ್ತಾ ಬಂದಿರುವ ಸ್ನೇಹದಾನ್, ಉಚಿತ ಔಷಧಿ ಇಲ್ಲದ ಕಾಲದಿಂದಲೇ ಸೋಂಕಿತರಿಗೆ ಬಾಗಿಲು ತೆರೆದ ಮನೆ. 2009ರಲ್ಲಿ ಸಂತ ಪದವಿಗೇರಿದ ಮೊಲೊಕಾಯಿ ದ್ವೀಪದ ಸಂತ ಡೇಮಿಯನ್ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗದಿಂದ ಮಡಿದವರು. ಅವರನ್ನು ಹೆಚ್.ಐ.ವಿ. ಸೋಂಕಿತರ ಪಾಲಕರೆಂದೂ ಅನೇಕರು ಸ್ಮರಿಸುತ್ತಾರೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿದ್ದು ದೂರ ನಿಂತಲ್ಲ, ಕೈಚಾಚಿ ಮುಟ್ಟಿ ಎಂಬುದನ್ನು ಶುಭಸಂದೇಶದಲ್ಲಿ ನಾವೆಲ್ಲ ಓದಿದ್ದೇವೆ.

ನಮ್ಮ ಘಟ್ಟದ ಮೇಲಿನ ಧರ್ಮಕೇಂದ್ರಗಳಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಧರ್ಮಭಗಿನಿಯರು, ಉಪದೇಶಿಗಳು, ಕಿರು ಕ್ರೈಸ್ತ ಸಮುದಾಯಗಳ ಮುಖಂಡರು ಮೂರು ಸಂಗತಿಗಳನ್ನು ನೆನಪಿಟ್ಟರೆ ಸಾಕು. ಒಂದು, ಪವಾಡದ ಮದ್ದಿನ ಮಾತು ಯಾರೇ ಆಡಲಿ, ಮಾತ್ರೆ ಬಿಡಬೇಡಿ, ಮೊದಲು ಎ.ಆರ್.ಟಿ. ಕೇಂದ್ರದ ವೈದ್ಯರನ್ನು ಕೇಳಿ ಎಂದು ಸ್ಪಷ್ಟವಾಗಿ ಹೇಳುವುದು. ಪ್ರಾರ್ಥನೆ ಮಾತ್ರೆಗೆ ಬದಲಿಯಲ್ಲ. ಮಾತ್ರೆಯನ್ನು ದಿನವೂ ಸೇವಿಸುವ ಬಲವನ್ನು ಪ್ರಾರ್ಥನೆ ಕೊಡಲಿ. ಎರಡು, ಸಂಶಯ ಇದ್ದವರಿಗೆ ಸರಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಪರೀಕ್ಷೆ ಉಚಿತ ಮತ್ತು ಗೋಪ್ಯ ಎಂದು ತಿಳಿಸುವುದು. 1097 ಸಂಖ್ಯೆಗೆ ಫೋನು ಮಾಡಿದರೂ ಮಾಹಿತಿ ಸಿಗುತ್ತದೆ. ಮೂರು, ಯಾರಿಗೆ ಸೋಂಕಿದೆ ಎಂಬುದನ್ನು ತಿಳಿದವರು ಬಾಯಿ ಮುಚ್ಚಿಕೊಂಡಿರುವುದು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಹೆಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಸೋಂಕಿತರಿಗೆ ತಾರತಮ್ಯ ಮಾಡುವುದು ಕಾನೂನುಬಾಹಿರ. ಕಾನೂನಿಗಿಂತ ಮೊದಲು ನಮ್ಮ ವಿಶ್ವಾಸವೇ ಅದನ್ನು ನಿಷೇಧಿಸಿದೆ.

ಜಿ.ಬಿ. ವೈರಾಣು-ಸಿಯ ಕಥೆ ನಮಗೆ ಕಲಿಸುವುದು ಇಷ್ಟು: ಸೃಷ್ಟಿಯಲ್ಲಿ ಹೆಚ್.ಐ.ವಿ.ಗೂ ಅಡ್ಡಗಾಲು ಹಾಕುವ ಶಕ್ತಿಗಳಿವೆ, ಮನುಷ್ಯನು ದೇವರು ಕೊಟ್ಟ ಬುದ್ಧಿಯಿಂದ ಅವುಗಳ ಗುಟ್ಟನ್ನು ಅರಿಯಬಲ್ಲನು. ಹೆಚ್.ಐ.ವಿ. ಒಳಹೋಗುವ ಬಾಗಿಲನ್ನು ಮುಚ್ಚುವ ಕೆಲಸವನ್ನು ವೈದ್ಯರು ಮಾಡುತ್ತಿದ್ದಾರೆ. ಸೋಂಕಿತರ ಮುಖಕ್ಕೆ ನಾವು ಮುಚ್ಚಿದ ಬಾಗಿಲುಗಳನ್ನು ತೆರೆಯುವ ಕೆಲಸ ಮಾತ್ರ ನಮ್ಮದೇ. ಅರಬೈಲು ಘಟ್ಟದ ಬುಡದಿಂದ ಯಲ್ಲಾಪುರದ ಬಸ್ ನಿಲ್ದಾಣದವರೆಗೆ, ತಿಂಗಳ ಮಾತ್ರೆ ತರಲು ಒಂಟಿಯಾಗಿ ಹೊರಟ ಒಬ್ಬರಿಗೆ ಜೊತೆಯಾಗಿ ಹೋಗಲು ನಮ್ಮಲ್ಲಿ ಯಾರಾದರೂ ಸಿದ್ಧರಿದ್ದೇವೆಯೇ? ಈ ಪ್ರಶ್ನೆಯನ್ನು ನಾವು ಪ್ರತಿಯೊಬ್ಬರೂ ನಮ್ಮಷ್ಟಕ್ಕೆ ಕೇಳಿಕೊಳ್ಳೋಣ.